ಪಟ್ಟಿ, ಹಟ್ಟಿ, ಕೋಟ್ಟೈ

ಕಾಸರಗೋಡಿನ ಶಾಲೆಯಲ್ಲಿ "ಹೆಸರುಗಳ ಪಟ್ಟಿ ಮಾಡಿರಿ" ಎಂದರೆ ಕೆಲವು ಮಕ್ಕಳು ಮುಸಿಮುಸಿ ನಗುತ್ತಾರೆ. ಮಲೆಯಾಳದಲ್ಲಿ ಪಟ್ಟಿಯೆಂದರೆ ನಾಯಿ! ತಮಿಳುನಾಡಿನ ತೇನಿ ಜಿಲ್ಲೆಗೆ ಹೋದರೆ ಆಂಡಿಪಟ್ಟಿಯಂತಹ ಊರುಗಳು ಎದುರಾಗುತ್ತವೆ. ಅಲ್ಲಿ ಪಟ್ಟಿಯೆಂದರೆ ದನಕುರಿಗಳ ದೊಡ್ಡಿ. ಹಳ್ಳಿ ಎಂದೂ ಅರ್ಥ.

ರೂಪ ಒಂದೇ ಆದ ಮಾತ್ರಕ್ಕೆ ಈ ಮೂರೂ ಬಂಧುಗಳಲ್ಲ. ನಮ್ಮ ಪಟ್ಟಿ ಸಂಸ್ಕೃತದ ಪಟ್ಟ, ಪಟ್ಟಿಕಾ ಶಬ್ದಗಳ ಕಡೆಯದು. ತಮಿಳಿನ ಪಟ್ಟಿಗೆ ಕನ್ನಡದಲ್ಲಿರುವ ನಿಜವಾದ ನೆಂಟ 'ಹಟ್ಟಿ'. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕನ್ನಡ ಪದಗಳ ಮೊದಲ ಪಕಾರ ಹಕಾರವಾಗತೊಡಗಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ತಮಿಳು, ಮಲೆಯಾಳಗಳು ಪಕಾರವನ್ನೇ ಉಳಿಸಿಕೊಂಡವು. ನಮ್ಮ ಮನೆಗಳಲ್ಲಿ ಹಟ್ಟಿಯೆಂದರೆ ದನದ ಕೊಟ್ಟಿಗೆ. ನೀಲಗಿರಿಯ ಬಡಗರಿಗೆ ಊರೇ ಹಟ್ಟಿ.

ಅದೇ ತೇನಿ ಜಿಲ್ಲೆಯಲ್ಲಿ ಚಿನ್ನಮನೂರಿನ ಹತ್ತಿರ ಮಾರ್ಕಯನ್‌ಕೋಟ್ಟೈ ಎಂಬ ಊರಿದೆ. ಈ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಕುಟುಂಬಗಳಿವೆ. 'ಕೋಟ್ಟೈ' ಬೇರೇನೂ ಅಲ್ಲ, ನಮ್ಮ ಬೇಕಲದ 'ಕೋಟೆ'ಯೇ. ತಮಿಳರ ತಲೈ, ಮಲೈ, ಕೋಟ್ಟೈ ಕನ್ನಡಿಗರಿಗೆ ತಲೆ, ಮಲೆ, ಕೋಟೆ; ಮಲೆಯಾಳಿಗಳಿಗೆ ತಲ, ಮಲ, ಕೋಟ್ಟ. ಆದರೆ ಓಕಾರವನ್ನು ಹ್ರಸ್ವ ಮಾಡಿದಿರೋ, ಅರ್ಥ ಕೆಟ್ಟಿತು! 'ಕೊಟ್ಟೈ' ತಮಿಳಿನಲ್ಲಿ ಬೀಜ, 'ಕೊಟ್ಟ' ಮಲೆಯಾಳದಲ್ಲಿ ಬುಟ್ಟಿ.

ಇದು ಬರಿಯ ವಿನೋದದ ಸಂಗತಿಯಲ್ಲ. "ಆಡಲು ಅವಸರ ಸಿಗಲಿಲ್ಲ" ಎಂಬಂತಹ ವಾಕ್ಯಗಳನ್ನು ನಾವು ಮಕ್ಕಳ ಉತ್ತರಪತ್ರಿಕೆಗಳಲ್ಲಿ ಕಾಣುತ್ತಿದ್ದೇವೆ. ಸಂಸ್ಕೃತದಲ್ಲಿ ಅವಸರವೆಂದರೆ ಸಂದರ್ಭ, ತಕ್ಕ ಸಮಯ. ಮಲೆಯಾಳದಲ್ಲಿ ಅದು ಅವಕಾಶವೆಂಬ ಅರ್ಥದಲ್ಲಿ ನಿಂತಿತು. ತೆಲುಗಿನಲ್ಲಿ ಅಗತ್ಯವಾಯಿತು. ಕನ್ನಡ, ತಮಿಳುಗಳಲ್ಲಿ ಗಡಿಬಿಡಿಯಾಯಿತು. ಮಗು ಬರೆದದ್ದು ಕನ್ನಡ ಅಕ್ಷರ, ಅದರೊಳಗಿನ ಅರ್ಥ ಮಲೆಯಾಳದ್ದು. ಹೀಗೆ ಒಂದೊಂದೇ ಅರ್ಥ ಜಾರುತ್ತ ಹೋದರೆ ಕೊನೆಗೆ ನಮ್ಮಲ್ಲಿ ಉಳಿಯುವುದು ಲಿಪಿ ಮಾತ್ರ.

ಹಾಗೆಂದು ಮಗುವನ್ನು ಗದರಿಸಬಾರದು, ನೆರೆಭಾಷೆಯನ್ನು ದೂರಲೂಬಾರದು. ಎರಡು ಭಾಷೆ ಬಲ್ಲವನಿಗೆ ಎರಡರ ಗಡಿಯೂ ತಿಳಿದಿರಬೇಕು, ಅಷ್ಟೆ. ಮನೆಯಲ್ಲೊಂದು ನೋಟುಪುಸ್ತಕವಿರಲಿ. ಒಂದು ಬದಿಯಲ್ಲಿ ಅಜ್ಜಿಯ ಮಾತು, ಇನ್ನೊಂದು ಬದಿಯಲ್ಲಿ ಪೇಟೆಯ ಮಾತು. ದಿನಕ್ಕೊಂದು ಪದ ಬರೆದರೂ ವರ್ಷಕ್ಕೆ ಮುನ್ನೂರ ಅರುವತ್ತೈದಾಯಿತು. ಕಂಬಂ ಕಣಿವೆಯವರು ಮಾತನ್ನು ಉಳಿಸಿದ್ದು ಮನೆಯೊಳಗೇ. ನಮಗಾದರೋ ಮನೆಯೊಂದಿಗೆ ಕನ್ನಡ ಶಾಲೆಯೂ ಇದೆ.