ಹುಟ್ಟಿದ ನೆಲ, ಕೂಸಿನ ಹಕ್ಕು

ಜನವರಿ 25ರಂದು ನಾವು ಸಂತ ಪೌಲರ ಮನಪರಿವರ್ತನೆಯ ಹಬ್ಬವನ್ನು ಆಚರಿಸುತ್ತೇವೆ. ಅಂದಿನ ಬಲಿಪೂಜೆಯಲ್ಲಿ ಪ್ರೇಷಿತರ ಕಾರ್ಯಕಲಾಪಗಳ 22ನೆಯ ಅಧ್ಯಾಯವನ್ನು ಓದುವುದುಂಟು. ವಾಚನ ಮುಗಿಯುವಲ್ಲಿಂದ ತುಸು ಮುಂದೆ ಓದಿದರೆ ಯೋಚನೆಗೆ ಹಚ್ಚುವ ಒಂದು ಪ್ರಸಂಗವಿದೆ. ಜೆರುಸಲೇಮಿನಲ್ಲಿ ಸೈನಿಕರು ಪೌಲರನ್ನು ಚಾವಟಿಯಿಂದ ಹೊಡೆಯಲು ಕಟ್ಟುತ್ತಾರೆ. ತಾವು ರೋಮಿನ ಪೌರರೆಂದು ಪೌಲರು ತಿಳಿಸಿದೊಡನೆ ಎತ್ತಿದ ಕೈಗಳು ಕೆಳಗಿಳಿಯುತ್ತವೆ. ಸಹಸ್ರಾಧಿಪತಿ ಆ ಪೌರತ್ವವನ್ನು ಬಹಳ ಹಣ ತೆತ್ತು ಪಡೆದವನು. ಪೌಲರಿಗೋ ಅದು ಹುಟ್ಟಿನಿಂದಲೇ ಬಂದದ್ದು. ಪೌರತ್ವವೆಂದರೆ ಬರೀ ಕಾಗದವಲ್ಲ, ಅಧಿಕಾರದ ಎದುರು ನಿಂತ ಬಡಪಾಯಿಗೆ ಅದೊಂದು ಗುರಾಣಿ ಎಂಬುದನ್ನು ಈ ಪ್ರಸಂಗದಿಂದ ನಾವು ತಿಳಿಯುತ್ತೇವೆ.

ಈ ಗುರಾಣಿಯನ್ನು ವಲಸೆ ಬಂದವರ ಮಕ್ಕಳಿಗೂ ಹುಟ್ಟಿನಿಂದಲೇ ಕೊಡಬೇಕೇ? ಈ ಪ್ರಶ್ನೆ 2025ರಲ್ಲಿ ಅಮೆರಿಕವನ್ನು ಇಬ್ಭಾಗ ಮಾಡಿತು.

ಹುಟ್ಟಿನಿಂದ ಪೌರತ್ವ ಬರುವುದು ಎರಡು ಬಗೆಯಲ್ಲಿ. ಒಂದು ರಕ್ತದ ಹಕ್ಕು: ತಂದೆತಾಯಿ ಯಾವ ದೇಶದವರೋ ಮಗುವೂ ಆ ದೇಶದ್ದು. ಇನ್ನೊಂದು ನೆಲದ ಹಕ್ಕು: ಮಗು ಎಲ್ಲಿ ಹುಟ್ಟಿತೋ ಅಲ್ಲಿಯದು. ಅಮೆರಿಕ ಎರಡನ್ನೂ ಒಪ್ಪಿದ ದೇಶ. ಆದರೆ ಅಲ್ಲಿ ನೆಲದ ಹಕ್ಕು ಸಂವಿಧಾನದಲ್ಲಿ ಸೇರಿದ್ದು ಕಣ್ಣೀರಿನ ಕಥೆಯ ನಂತರ. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮರ ಮೊಕದ್ದಮೆಯಲ್ಲಿ, ಕರಿಯ ಜನರು ಅಮೆರಿಕದ ಪೌರರಾಗಲಾರರು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಂತರ್ಯುದ್ಧದ ನಂತರ, 1868ರಲ್ಲಿ ಬಂದ 14ನೆಯ ತಿದ್ದುಪಡಿ ಆ ಅನ್ಯಾಯವನ್ನು ಅಳಿಸಿತು. ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟವರೆಲ್ಲರೂ ಪೌರರೆಂದು ಅದು ಸಾರಿತು.

ವಲಸಿಗರ ಮಕ್ಕಳ ಪ್ರಶ್ನೆ ಕೋರ್ಟಿಗೆ ಬಂದದ್ದು ವಾಂಗ್ ಕಿಮ್ ಆರ್ಕ್ ಎಂಬವರ ಮೂಲಕ. 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಇವರ ತಂದೆತಾಯಿ ಚೀನಾದವರು. ಚೀನೀಯರು ಅಮೆರಿಕದ ಪೌರರಾಗಲು ಅಂದಿನ ಕಾನೂನಿನಲ್ಲಿ ಅವಕಾಶವಿರಲಿಲ್ಲ. 1895ರಲ್ಲಿ ಚೀನಾಕ್ಕೆ ಹೋಗಿ ಮರಳಿದಾಗ ಅಧಿಕಾರಿಗಳು ಇವರನ್ನು ಒಳಗೆ ಬಿಡಲಿಲ್ಲ. 1898ರಲ್ಲಿ ಸುಪ್ರೀಂ ಕೋರ್ಟ್ 6-2 ಬಹುಮತದಿಂದ ಇವರು ಹುಟ್ಟಿನಿಂದಲೇ ಅಮೆರಿಕದ ಪೌರರೆಂದು ತೀರ್ಮಾನಿಸಿತು. ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಮಾತ್ರ ಹೊರಗಿಟ್ಟಿತು.

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಇದನ್ನು ಮಿತಿಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. ತಂದೆ ಪೌರನೂ ಅಲ್ಲ, ಕಾಯಂ ನಿವಾಸಿಯೂ ಅಲ್ಲ. ತಾಯಿಯ ವಾಸ ಅಕ್ರಮ ಅಥವಾ ತಾತ್ಕಾಲಿಕ. ಅಂಥ ಮಗುವಿಗೆ ಪೌರತ್ವವಿಲ್ಲ ಎಂಬುದೇ ಅದರ ಸಾರ. ಮೂರೇ ದಿನಗಳಲ್ಲಿ ಸಿಯಾಟಲ್‌ನ ನ್ಯಾಯಾಧೀಶರೊಬ್ಬರು ಅದನ್ನು ತಡೆದರು. ಬೇರೆ ಕೋರ್ಟುಗಳೂ ತಡೆದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದ ಸಿಂಧುತ್ವವನ್ನೇ ಪರಿಶೀಲಿಸಲು ಒಪ್ಪಿಕೊಂಡಿತು.

ಎರಡೂ ಕಡೆಯವರ ಮಾತನ್ನು ನಾವು ಸಮಾಧಾನದಿಂದ ಕೇಳಬೇಕು. ಅಧಿಕಾರ ವ್ಯಾಪ್ತಿ ಎಂದರೆ ಆ ನೆಲದಲ್ಲಿ ಇರುವುದಷ್ಟೇ ಅಲ್ಲ, ನೆಲೆ ಮತ್ತು ನಿಷ್ಠೆಯೂ ಬೇಕು ಎಂಬುದು ಸರಕಾರದ ವಾದ. ವಾಂಗ್ ಅವರ ತಂದೆತಾಯಿ ಅಲ್ಲೇ ನೆಲೆಸಿದ್ದರು ಎಂಬುದನ್ನು ಅದು ಎತ್ತಿ ತೋರಿಸುತ್ತದೆ. ಹೆರಿಗೆಗೆಂದೇ ಬರುವವರನ್ನೂ ಅಕ್ರಮ ವಲಸೆಯನ್ನೂ ತಡೆಯಬೇಕು ಎನ್ನುತ್ತದೆ. ಎದುರು ಪಕ್ಷದ ಉತ್ತರವೂ ಗಟ್ಟಿಯಾಗಿದೆ: ವೀಸಾ ಇಲ್ಲದವನೂ ಅಲ್ಲಿನ ಕಾನೂನಿಗೆ ಒಳಪಟ್ಟವನೇ, ಇಲ್ಲವಾದರೆ ಅವನನ್ನು ಬಂಧಿಸುವುದಾದರೂ ಹೇಗೆ?

ಈ ಚರ್ಚೆ ನಮ್ಮ ಮನೆಗಳಿಗೂ ದೂರದ್ದಲ್ಲ. ಎಚ್‌-1ಬಿ ವೀಸಾದ ಮೇಲೆ ಅಮೆರಿಕದಲ್ಲಿ ದುಡಿಯುವ ಕನ್ನಡಿಗರು ಬಹಳ. ಉದ್ಯೋಗದ ಆಧಾರದ ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ನಮ್ಮವರು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಾರೆ. ಕಾನೂನು ಪಾಲಿಸಿ, ತೆರಿಗೆ ಕಟ್ಟಿ ಬಾಳುವ ಇಂಥ ದಂಪತಿಗಳ ಕೂಸನ್ನೂ ಆ ಆದೇಶ ಹೊರಗಿಡುತ್ತದೆ. ಆ ಕೂಸು ಭಾರತೀಯವೆನಿಸಬೇಕಾದರೂ ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ಹುಟ್ಟನ್ನು ನೋಂದಾಯಿಸಬೇಕು.

ಹಾಗೆಂದು ಪರದೇಶದತ್ತ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆ ಮೊದಲಿಗೆ ಇಲ್ಲಿ ಹುಟ್ಟಿದ ಬಹುಪಾಲು ಎಲ್ಲರನ್ನೂ ನಮ್ಮವರೆಂದಿತ್ತು. 1987ರ ಜುಲೈ 1ರಿಂದ ತಂದೆತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬ ಷರತ್ತೂ ಸೇರಿತು. ಕಥೋಲಿಕರೇ ಹೆಚ್ಚಾಗಿರುವ ಐರ್ಲೆಂಡಿನಲ್ಲಿ 2004ರ ಜೂನ್‌ನಲ್ಲಿ ನಡೆದ ಜನಮತಗಣನೆಯಲ್ಲಿ ಸುಮಾರು ಶೇ. 79 ಮಂದಿ ನೆಲದ ಹಕ್ಕನ್ನು ಮಿತಿಗೊಳಿಸಲು ಒಪ್ಪಿದರು.

ದೇಶವೊಂದು ತನ್ನ ಗಡಿಯನ್ನು ಕಾಯುವುದು ತಪ್ಪಲ್ಲ; ಧರ್ಮಸಭೆಯ ಬೋಧನೆಯೂ ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮನ್ನು ಕಾಡುವುದು ಬೇರೆ ಮಾತು. ಗಡಿ ದಾಟಿದವರು ತಂದೆತಾಯಿ, ವೀಸಾ ಅವಧಿ ಮೀರಿದವರೂ ಅವರೇ. ದಂಡ ತೆರುವುದು ಮಾತ್ರ ತೊಟ್ಟಿಲ ಕೂಸು. ಅದು ಹುಟ್ಟುವ ಊರನ್ನು ಆರಿಸಿಕೊಂಡಿರಲಿಲ್ಲ, ಹೆತ್ತವರ ಕಾಗದಪತ್ರಗಳನ್ನೂ ನೋಡಿರಲಿಲ್ಲ. ಪ್ರತಿ ಮಗುವಿಗೂ ಹುಟ್ಟಿನಿಂದ ಒಂದು ಹೆಸರು, ಒಂದು ರಾಷ್ಟ್ರೀಯತೆ ಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುವುದು ಇದಕ್ಕಾಗಿಯೇ.

ಪೌಲರೂ ತಮ್ಮ ಪೌರತ್ವವನ್ನು ದುಡಿದು ಸಂಪಾದಿಸಿದವರಲ್ಲ. ನಾವು ಯಾರೂ ಅಲ್ಲ. ಬಿಟ್ಟಿಯಾಗಿ ಸಿಕ್ಕ ಗುರಾಣಿಯ ಹಿಂದೆ ನಿಂತಿರುವ ನಾವು, ಅದಿಲ್ಲದೆ ಹುಟ್ಟುವ ಕೂಸಿನ ಕಡೆಗೊಮ್ಮೆ ತಿರುಗಿ ನೋಡೋಣ. ಕಾನೂನು ಯಾವುದೇ ಇರಲಿ, ಅದನ್ನು ಅಳೆಯುವಾಗ ಆ ಕೂಸನ್ನು ನಡುವೆ ನಿಲ್ಲಿಸಿಕೊಂಡೇ ಅಳೆಯೋಣ.