ದಾಖಲಾತಿ ಪುಸ್ತಕ ಹೇಳದ ಮಾತು

ನಿಮ್ಮ ಮನೆಯ ಹಿರಿಯರು ಓದಿದ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದು ನೋಡಿದರೆ ಹೆಸರು, ಜನ್ಮದಿನ, ಶಾಲೆಗೆ ಸೇರಿದ ದಿನ, ಬಿಟ್ಟ ದಿನ, ಇಷ್ಟೇ ದೊರೆತೀತು. ಆ ಮಗು ಕಲಿತದ್ದೇನು, ಕಲಿತದ್ದು ಹೇಗೆ ಎಂಬುದನ್ನು ಆ ಪುಸ್ತಕ ಅರಿಯದು.

ನಮ್ಮ ತಾಯಿಯವರು ಮುಪ್ಪಿನಲ್ಲಿಯೂ ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನು ತಪ್ಪದೆ ಒಪ್ಪಿಸುತ್ತಿದ್ದರು. “ಇದನ್ನೆಲ್ಲ ಏಕಮ್ಮ ಕಲಿತೆ?” ಎಂದು ಕೇಳಿದೆ. “ಅಂಗಡಿಯಲ್ಲಿ ಮೋಸಹೋಗಬಾರದಲ್ಲಪ್ಪ!” ಎಂದರು.

ಮಾತು ನಿಜ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕಾಲು ರೂಪಾಯಿಯೆಂದರೆ ನಾಲ್ಕಾಣೆ; ಕಾಲಾಣೆಯೆಂದರೆ ಮೂರು ಪೈ. ಕಾಲು ಮುಕ್ಕಾಲು ಬಾರದವನಿಗೆ ಉಪ್ಪು ಮೆಣಸಿನಕಾಯಿ ಕೊಳ್ಳುವುದೂ ಕಷ್ಟವೇ. ಆದುದರಿಂದಲೇ ಮಕ್ಕಳು ಒಟ್ಟಾಗಿ ನಿಂತು ಮಗ್ಗಿಯನ್ನು ರಾಗವಾಗಿ ಹೇಳಿದರು. ಬುದ್ಧಿ ಮರೆತರೂ ನಾಲಗೆ ಮರೆಯದಂತೆ ಮಾಡಿದ್ದು ಆ ರಾಗ. ಆಣೆ ಹೋಯಿತು, ಅದರೊಡನೆ ಆ ಮಗ್ಗಿಯೂ ಶಾಲೆಯಿಂದ ಮೆಲ್ಲಮೆಲ್ಲನೆ ಮರೆಯಾಯಿತು.

ಆಣೆಯ ಲೆಕ್ಕ ಕಲಿತವರು ಇಂದು ಎಪ್ಪತ್ತೈದರ ಆಸುಪಾಸಿನವರು, ಇಲ್ಲವೇ ಅದನ್ನು ದಾಟಿದವರು. ತಾಯಿಯವರ ಮಗ್ಗಿಯನ್ನು “ನಾಳೆ ಬರೆದುಕೊಂಡರಾಯಿತು” ಎಂದು ನಾನು ಉದಾಸೀನ ಮಾಡಿದೆ. ಈಗ ಕೇಳೋಣವೆಂದರೆ ಅವರಿಲ್ಲ. ನೀವು ಹಾಗೆ ಮಾಡದಿರಿ. ಇಂದು ಸಂಜೆ ವಾರ್ತೆ ಮುಗಿದೊಡನೆ ರೇಡಿಯೋ ನಿಲ್ಲಿಸಿ, ಹಿರಿಯರ ಬಳಿ ಕುಳಿತು ಕೇಳಿರಿ, ಕೇಳಿದ್ದನ್ನು ಬರೆದಿಡಿರಿ.