ಜೋಜಿ ಲಾದ ಟ್ಯಾಂಕು, ಅಂಗೈಯಗಲದ ಎರಕ

1948ರ ನವೆಂಬರ್ 1. ಕಾಶ್ಮೀರದ ಜೋಜಿ ಲಾ ಕಣಿವೆದಾರಿಯಲ್ಲಿ, ಸಮುದ್ರಮಟ್ಟದಿಂದ 11,500 ಅಡಿಗೂ ಮೇಲೆ, ಪಾಕಿಸ್ತಾನದ ಕಡೆಯ ಎದುರಾಳಿಗಳು ಕನಸಿನಲ್ಲೂ ಎಣಿಸದಿದ್ದ ಸದ್ದು ಕೇಳಿಸಿತು. ಭಾರತೀಯ ಸೇನೆಯ 7ನೇ ಲೈಟ್ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳು ಹಿಮದ ನಡುವೆ ಏರುತ್ತಿದ್ದವು. ಕಾರ್ಯಾಚರಣೆಯ ಹೊಣೆ ಹೊತ್ತಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಹೇಸರಗತ್ತೆಗಳು ನಡೆಯುತ್ತಿದ್ದ ಕಿರುದಾರಿಯನ್ನು ವಾಹನ ಓಡುವಷ್ಟು ಅಗಲ ಮಾಡಿದವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇರುವುದು ಬೆಂಗಳೂರಿನ ಹಲಸೂರಿನಲ್ಲಿ. ಸುದ್ದಿ ಸೋರದಿರಲೆಂದು ಟ್ಯಾಂಕುಗಳ ಮೇಲಿನ ತಿರುಗುವ ಗೋಪುರ, ಅಂದರೆ ಟರೆಟ್ಟುಗಳನ್ನು ಕಳಚಿ, ಟಾರ್ಪಾಲು ಹೊದಿಸಿ ಸಾಗಿಸಲಾಗಿತ್ತು.

ಟರೆಟ್ ಇಲ್ಲದ, ಟಾರ್ಪಾಲು ಹೊದ್ದ ಆ ಟ್ಯಾಂಕನ್ನು ಪುಟ್ಟ ಮಾದರಿಯಾಗಿ ಮೇಜಿನ ಮೇಲೆ ನಿಲ್ಲಿಸಬೇಕೆಂದರೆ ಅಂಗಡಿಯ ಕಿಟ್ ಒಂದೇ ಸಾಲದು. ಟಮಿಯಾ ಮತ್ತಿತರ ಕಂಪನಿಗಳ ಸ್ಟೂವರ್ಟ್ ಕಿಟ್‌ಗಳು ಸಿಗುತ್ತವೆ, ನಿಜ. ಆದರೆ ಅವು ಹೆಚ್ಚಾಗಿ ಎರಡನೇ ಮಹಾಯುದ್ಧದ ಅಮೆರಿಕದ ಟ್ಯಾಂಕನ್ನು ಕಣ್ಣಮುಂದಿಟ್ಟುಕೊಂಡು ಮಾಡಿದವು. ನಮ್ಮ ಸೈನಿಕರ ಹಾಸಿಗೆ ಸುರುಳಿ, ಹಗ್ಗದ ಕಂತೆ, ಮಡಿಕೆ ಬಿದ್ದ ಟಾರ್ಪಾಲುಗಳನ್ನು ಮಾಡುವವರೇ ಮಾಡಿಕೊಳ್ಳಬೇಕು. ಅದಕ್ಕೆ ಒದಗುವುದು ರೆಸಿನ್ ಎರಕ, ಅಂದರೆ ದ್ರವ ರೆಸಿನನ್ನು ಅಚ್ಚಿಗೆ ಸುರಿದು ಗಟ್ಟಿಯಾಗಿಸುವ ವಿಧಾನ.

ಟ್ಯಾಂಕ್ ಮಾದರಿಗಳಲ್ಲಿ 1:35 ಅಳತೆ ಬಹಳ ಜನಪ್ರಿಯ. ಅದರ ಹಿಂದೆ ಗಣಿತದ ಗಾಢ ಕಾರಣವೇನೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಚಲಿಸುವ ಮಾದರಿ ತಂದಾಗ, ಒಳಗೆ ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ಗಾತ್ರ ಸುಮಾರು 35ನೇ ಒಂದು ಭಾಗವಾಯಿತು, ಉಳಿದವರೂ ಅದನ್ನೇ ಹಿಡಿದರು. ಸುಮಾರು 4.8 ಮೀಟರ್ ಉದ್ದದ ಸ್ಟೂವರ್ಟ್ ಈ ಅಳತೆಯಲ್ಲಿ 14 ಸೆಂಟಿಮೀಟರಿನೊಳಗೆ ಕೂರುತ್ತದೆ. ಎರಡು ಸೆಂಟಿಮೀಟರಿನ ಬೋಲ್ಟಿನ ತಲೆ ಅರ್ಧ ಮಿಲಿಮೀಟರಿಗಿಂತ ತುಸುವೇ ದೊಡ್ಡದು.

ಕಿಟ್‌ನ ಪ್ಲಾಸ್ಟಿಕ್ ಭಾಗಗಳು ಗಟ್ಟಿ ಉಕ್ಕಿನ ಅಚ್ಚಿನಿಂದ ಬರುತ್ತವೆ. ಅಚ್ಚು ನೇರವಾಗಿ ಬಿಚ್ಚಿಕೊಳ್ಳಬೇಕು. ಒಳಕ್ಕೆ ಬಾಗಿದ ಮಡಿಕೆಯೋ ಕೊಕ್ಕೆಯೋ ಇದ್ದರೆ ಭಾಗ ಸಿಕ್ಕಿಕೊಳ್ಳುತ್ತದೆ. ಸಿಲಿಕೋನ್ ರಬ್ಬರಿನ ಅಚ್ಚು ಹಾಗಲ್ಲ, ಬಾಗುತ್ತದೆ, ಹಿಗ್ಗುತ್ತದೆ. ಟಾರ್ಪಾಲಿನ ಸುಕ್ಕು ಸುಕ್ಕೂ ಹಾಗೆಯೇ ಉಳಿದು ಬರುತ್ತದೆ. 1980ರ ದಶಕದಲ್ಲಿ ಬೆಲ್ಜಿಯಂನ ಫ್ರಾಂಸ್ವಾ ವರ್ಲಿಂಡೆನ್ ಇಂಥ ರೆಸಿನ್ ಭಾಗಗಳಿಂದಲೇ ಜಗತ್ತಿನ ಹವ್ಯಾಸಿಗಳ ನಡುವೆ ಹೆಸರಾದರು.

ಕೆಲಸ ಶುರುವಾಗುವುದು ಮೂಲ ಮಾದರಿಯಿಂದ. ಪ್ಲಾಸ್ಟಿಕ್ ಹಾಳೆ, ತಂತಿ, ಎಪಾಕ್ಸಿ ಪುಟ್ಟಿ ಸೇರಿಸಿ ಮೊದಲ ಭಾಗವನ್ನು ಕೈಯಿಂದ ಮಾಡಬೇಕು. ಅದರ ಮೇಲೆ ಉಳಿದ ಒಂದು ಗೀರು ಕೂಡ ಪ್ರತಿ ಎರಕದಲ್ಲೂ ಮೂಡುತ್ತದೆ, ಹಾಗಾಗಿ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಇಲ್ಲೇ. ಅದನ್ನು ಪುಟ್ಟ ಡಬ್ಬಿಯಲ್ಲಿ ಕೂರಿಸಿ, ದ್ರವ ಸಿಲಿಕೋನನ್ನು ಒಂದು ಮೂಲೆಯಿಂದ ಸಣ್ಣ ಧಾರೆಯಾಗಿ ಸುರಿದರೆ ಗಾಳಿ ಸಿಕ್ಕಿಕೊಳ್ಳುವುದು ಕಡಿಮೆ. ಸಿಲಿಕೋನ್ ಗಟ್ಟಿಯಾದ ಮೇಲೆ ಮಾದರಿಯನ್ನು ಬಿಡಿಸಿದರೆ ಉಳಿಯುವ ಟೊಳ್ಳೇ ಅಚ್ಚು. ಪಾಲಿಯುರೆಥೇನ್ ರೆಸಿನ್ ಎರಡು ಬಾಟಲಿಗಳಲ್ಲಿ ಬರುತ್ತದೆ. ಹೇಳಿದ ಅಳತೆಯಲ್ಲಿ ಬೆರೆಸಿದ ಕ್ಷಣದಿಂದ ಕೈಲಿರುವುದು ಕೆಲವೇ ನಿಮಿಷ, ಅಷ್ಟರೊಳಗೆ ಅಚ್ಚಿಗೆ ಸುರಿಯಬೇಕು. ಮೈಸೂರು ಪಾಕಿನಂತೆಯೇ ಇದು, ಹದ ಮೀರಿದರೆ ಮತ್ತೆ ಹಿಂದಕ್ಕೆ ಬಾರದು.

ದಾವಣಗೆರೆ ಜಿಲ್ಲೆಯ ಹವ್ಯಾಸಿಗಳು ಇಲ್ಲಿ ಒಂದು ಮಾತು ಗಮನಿಸಬೇಕು. ಪಾಲಿಯುರೆಥೇನ್ ರೆಸಿನ್‌ನಲ್ಲಿರುವ ಐಸೋಸಯನೇಟ್ ನೀರಿನ ಪಸೆಯೊಡನೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಎರಕದ ತುಂಬ ಗುಳ್ಳೆಯೇಳುತ್ತದೆ. ಹೊನ್ನಾಳಿ, ನ್ಯಾಮತಿಗಳ ಅರೆಮಲೆನಾಡಿನಲ್ಲಿ ಮಳೆ ಹಿಡಿದ ಜುಲೈ ತಿಂಗಳು, ಅಡಿಕೆ ತೋಟದ ತಂಪಿರುವ ಚನ್ನಗಿರಿಯ ಮನೆಗಳು ಇದಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಬಾಟಲಿಯ ಮುಚ್ಚಳ ತೆರೆದಿಟ್ಟರೆ ಉಳಿದ ರೆಸಿನ್ ಕೂಡ ಕೆಡುತ್ತದೆ. ಒಣ ಹವೆಯ ಜಗಳೂರಿನಲ್ಲಿ ಈ ಕಾಟ ಕಡಿಮೆ, ಆದರೆ ಏಪ್ರಿಲ್ ಬಿಸಿಲಿಗೆ ರೆಸಿನ್ ಬೇಗ ಬಿಗಿಯುತ್ತದೆ. ಅಲ್ಲಿ ಬೆಳಗಿನ ಜಾವವೇ ಒಳ್ಳೆಯ ಹೊತ್ತು. ಒಂದೇ ಜಿಲ್ಲೆಯೊಳಗೆ ಎರಕದ ವೇಳಾಪಟ್ಟಿ ಎರಡು ಬಗೆ.

ಆರೋಗ್ಯದ ವಿಷಯದಲ್ಲಿ ಸಡಿಲ ಬಿಡಲೇಬಾರದು. ಬೆರೆಸುವಾಗ ಕೈಗವಸು ಬೇಕು, ಗಾಳಿಯಾಡುವ ಜಾಗ ಬೇಕು. ಉಜ್ಜುವಾಗ ಏಳುವ ಸಣ್ಣ ಧೂಳು ಶ್ವಾಸಕೋಶಕ್ಕೆ ಇಳಿಯುತ್ತದೆ, ಆದ್ದರಿಂದ ನೀರು ಹಚ್ಚಿ ಉಜ್ಜಬೇಕು, ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲೇಬೇಕು. ಮಕ್ಕಳು ಈ ಹಂತದಲ್ಲಿ ದೂರವಿರಲಿ. ಎರಕದ ಭಾಗವನ್ನು ಸೋಪಿನ ನೀರಲ್ಲಿ ತೊಳೆದರೆ ಮಾತ್ರ ಬಣ್ಣ ಹಿಡಿಯುತ್ತದೆ. ಸೊಟ್ಟಗಾದದ್ದನ್ನು ಬಿಸಿನೀರಿನಲ್ಲಿ ಮುಳುಗಿಸಿ ನೆಟ್ಟಗೆ ಮಾಡಬಹುದು. ಅಂಟಿಸಲು ಕಿಟ್‌ನ ಪ್ಲಾಸ್ಟಿಕ್ ಅಂಟು ಉಪಯೋಗಕ್ಕೆ ಬಾರದು, ಸೂಪರ್ ಗ್ಲೂ ಬೇಕು.

ಈಗ 3ಡಿ ಪ್ರಿಂಟರ್ ಬಂದಿದೆ. ಬೆಳಕಿಗೆ ಗಟ್ಟಿಯಾಗುವ ರೆಸಿನ್ ಪದರಪದರವಾಗಿ ಬೋಲ್ಟು, ಬೀಗ, ಸಲಾಕೆಗಳನ್ನು ಮೂಡಿಸುತ್ತದೆ. ಅಮೆರಿಕದ ಚಕ್ ಹಲ್ 1986ರಲ್ಲಿ ಪೇಟೆಂಟ್ ಪಡೆದ ವಿಧಾನ ಇದರ ಮೂಲ. ನಿಖರತೆಯಲ್ಲಿ ಅದಕ್ಕೆ ಕೈಕೆಲಸ ಸಾಟಿಯಾಗದು. ಆದರೂ ಬಟ್ಟೆಯ ಮಡಿಕೆ, ಹಗ್ಗದ ತಿರುವುಗಳಿಗೆ ಪುಟ್ಟಿ ಹಿಡಿದ ಬೆರಳೇ ಮೇಲು. ಹೀಗಾಗಿ ಹಳೆಯ ಅಚ್ಚುಗಾರಿಕೆಗೆ ಇನ್ನೂ ಜಾಗವಿದೆ.

ಮಾದರಿ ಮಾಡುವವರು ನಿಜವಾದ ಟ್ಯಾಂಕೊಂದನ್ನು ಹತ್ತಿರದಿಂದ ನೋಡುವುದೂ ಒಳ್ಳೆಯದು. ಮಡಿಕೇರಿಯ 'ಸನ್ನಿ ಸೈಡ್' ತಿಮ್ಮಯ್ಯನವರು ಹುಟ್ಟಿದ ಮನೆ. 2021ರ ಫೆಬ್ರವರಿಯಿಂದ ಅದು ವಸ್ತುಸಂಗ್ರಹಾಲಯ. ನಿವೃತ್ತ ಯುದ್ಧಟ್ಯಾಂಕೊಂದು ಅಲ್ಲಿ ನಿಂತಿದೆ. ಅದು ಸ್ಟೂವರ್ಟ್ ಅಲ್ಲ. ಆದರೂ ಉಕ್ಕಿನ ಬೆಸುಗೆ, ಬೋಲ್ಟಿನ ಗಾತ್ರ, ಬಣ್ಣ ಮಾಸುವ ರೀತಿ ಕಣ್ಣಾರೆ ಕಾಣಲು ಅಷ್ಟು ಸಾಕು. ಚನ್ನಗಿರಿಯಿಂದಲೋ ಜಗಳೂರಿನಿಂದಲೋ ಕೊಡಗಿಗೆ ಪ್ರವಾಸ ಹೊರಟ ಹವ್ಯಾಸಿಗಳು ಅಲ್ಲಿಗೊಮ್ಮೆ ಹೋಗಿ ಬರಲಿ. ಊರಿಗೆ ಮರಳಿ, ಮೊದಲ ಎರಕಕ್ಕೆ ಇಡೀ ಟ್ಯಾಂಕನ್ನು ಕೈಗೆತ್ತಿಕೊಳ್ಳದೆ, ಸುತ್ತಿಟ್ಟ ಒಂದು ಟಾರ್ಪಾಲಿನಿಂದ ಶುರು ಮಾಡಲಿ.